ಮಾಧ್ಯಮ ಮತ್ತು ಮನಸ್ಸು: ಕೇಳಬೇಕೆ, ಅಳೆಯಬೇಕೆ, ಜೊತೆಗಿದ್ದು ನೋಡಬೇಕೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಮನೋವಿಜ್ಞಾನ ಅಥವಾ ಪತ್ರಿಕೋದ್ಯಮದಲ್ಲಿ ಎಂ.ಎ. ಓದುವವರು ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ವಿಷಯ ಹುಡುಕುವಾಗ ಈಗೀಗ ಮೊಬೈಲು, ರೀಲ್ಸ್, ಧಾರಾವಾಹಿ, ವಾಟ್ಸ್‌ಆ್ಯಪ್ ಸುದ್ದಿ ಇವುಗಳ ಕಡೆಗೇ ಹೆಚ್ಚಾಗಿ ಬರುತ್ತಾರೆ. ಅದು ಸಹಜವೂ ಹೌದು, ಅಗತ್ಯವೂ ಹೌದು. ಆದರೆ ವಿಷಯ ನಿಂತ ಮರುದಿನವೇ ಗೂಗಲ್ ಫಾರ್ಮ್ ಒಂದು ಸಿದ್ಧವಾಗುತ್ತದೆ. ಅದರ ಲಿಂಕನ್ನು ತರಗತಿಯ ಗ್ರೂಪಿಗೆ ಹಾಕಲಾಗುತ್ತದೆ. ವಾರದೊಳಗೆ ನೂರಿಪ್ಪತ್ತು ಉತ್ತರಗಳು ಬರುತ್ತವೆ. ಆ ಮೇಲೆ ಸಂಶೋಧನೆಯ ಪ್ರಶ್ನೆಯನ್ನು ಆ ಉತ್ತರಗಳಿಗೆ ಹೊಂದುವಂತೆ ತಿದ್ದಲಾಗುತ್ತದೆ. ಇಲ್ಲಿ ವಿಧಾನವನ್ನು ಯಾರೂ ಆರಿಸಿಯೇ ಇಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದಾರೆ ಅಷ್ಟೆ. ಜನ ಮಾಧ್ಯಮವನ್ನು ಹೇಗೆ ಬಳಸುತ್ತಾರೆ, ಅದಕ್ಕೆ ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ತಿಳಿಯಲು ನೂರು ವರ್ಷಗಳಿಂದ ಹಲವು ದಾರಿಗಳನ್ನು ಬಳಸಲಾಗಿದೆ, ಮತ್ತು ಒಂದೊಂದು ದಾರಿಯೂ ಒಂದೊಂದು ಬಗೆಯ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಯಾವ ಪ್ರಶ್ನೆಗೆ ಯಾವ ದಾರಿ ಎಂಬುದನ್ನು ಹೋಲಿಸಿ ನೋಡುವುದೇ ಈ ಬರಹದ ಉದ್ದೇಶ.

ಹೋಲಿಕೆಗೆ ನೆಲ ಬೇಕಾದ್ದರಿಂದ ನಮ್ಮ ಭಾಗದ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳುತ್ತೇನೆ. ವಿಜಯಪುರದ ಹಾಸ್ಟೆಲೊಂದರ ವಿದ್ಯಾರ್ಥಿನಿಯರು ರಾತ್ರಿ ಹಾಸಿಗೆಯಲ್ಲಿ ರೀಲ್ಸ್ ನೋಡುವುದಕ್ಕೂ ಅವರ ನಿದ್ದೆಗೂ ಸಂಬಂಧ ಉಂಟೆ ಎಂಬುದು ಮೊದಲನೆಯದು. ಇಂಡಿ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ಸಂಜೆಯ ಧಾರಾವಾಹಿ ನೋಡುವ ಹೆಣ್ಣುಮಕ್ಕಳಿಗೆ ಅದರಲ್ಲಿ ಸಿಗುವುದೇನು ಎಂಬುದು ಎರಡನೆಯದು. ಕಬ್ಬಿನ ದರದ ಬಗ್ಗೆ ವಾಟ್ಸ್‌ಆ್ಯಪಿನಲ್ಲಿ ಬಂದ ಸುದ್ದಿಯನ್ನು ಮುಧೋಳ, ಜಮಖಂಡಿ ಕಡೆಯ ರೈತರು ನಂಬುವಂತೆ ಮಾಡುವುದು ಯಾವುದು ಎಂಬುದು ಮೂರನೆಯದು. ಮೊದಲನೆಯದು ಪ್ರಮಾಣವನ್ನು ಕೇಳುತ್ತದೆ, ಎರಡನೆಯದು ಅರ್ಥವನ್ನು, ಮೂರನೆಯದು ಕಾರಣವನ್ನು. ಈ ಮೂರಕ್ಕೂ ಒಂದೇ ಫಾರ್ಮು ಸಾಲದು.

ಪ್ರಶ್ನಾವಳಿ

ಪ್ರಶ್ನಾವಳಿಯನ್ನು ತಳ್ಳಿಹಾಕಲು ನಾನು ಹೊರಟಿಲ್ಲ. ಮಾಧ್ಯಮವು ಜನರಿಗೆ ಏನು ಮಾಡುತ್ತದೆ ಎಂಬುದರ ಬದಲು ಜನ ಮಾಧ್ಯಮದಿಂದ ಏನು ಮಾಡಿಕೊಳ್ಳುತ್ತಾರೆ ಎಂದು ಕೇಳಬೇಕು ಎಂಬ ವಿಚಾರಕ್ಕೆ ಎಲಿಹು ಕಾಟ್ಜ್, ಜೇ ಬ್ಲಮ್ಲರ್, ಮೈಕೆಲ್ ಗುರೆವಿಚ್ ಅವರು 1970ರ ದಶಕದ ಮೊದಲ ಭಾಗದಲ್ಲಿ ಸ್ಪಷ್ಟ ರೂಪ ಕೊಟ್ಟ ಮೇಲೆ, ಬಳಕೆ ಮತ್ತು ತೃಪ್ತಿಯ ಸಿದ್ಧಾಂತವೆಂದು ನಮ್ಮ ಪಠ್ಯಗಳಲ್ಲಿ ಬರುವ ಆ ಅಧ್ಯಯನಗಳ ದೊಡ್ಡ ಭಾಗ ನಡೆದದ್ದು ಪ್ರಶ್ನಾವಳಿಯ ಮೇಲೆಯೇ. ಯಾವ ಉದ್ದೇಶಕ್ಕೆ ನೋಡುತ್ತೀರಿ, ಎಷ್ಟು ನಂಬುತ್ತೀರಿ, ನೋಡಿದ ಮೇಲೆ ಏನನ್ನಿಸುತ್ತದೆ ಎಂಬಂಥವು ವ್ಯಕ್ತಿಯ ಒಳಗಿನ ಸಂಗತಿಗಳು. ಅವನ್ನು ಅವರನ್ನೇ ಕೇಳದೆ ಬೇರೆ ಉಪಾಯವಿಲ್ಲ. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರನ್ನು ತಲುಪುವುದಕ್ಕೂ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಅದು ಸೋಲುವುದು ಪ್ರಮಾಣವನ್ನು ಕೇಳುವಾಗ. ದಿನಕ್ಕೆ ಎಷ್ಟು ತಾಸು ಮೊಬೈಲ್ ನೋಡುತ್ತೀರಿ ಎಂದು ಯಾರನ್ನಾದರೂ ಕೇಳಿ ನೋಡಿ, "ಹೊತ್ತು ಹೋಗಿದ್ದ ಗೊತ್ತಾಗಂಗಿಲ್ರೀ" ಎನ್ನುವವರೇ ಹೆಚ್ಚು. ಅದು ಪ್ರಾಮಾಣಿಕ ಉತ್ತರ. ಫಾರ್ಮಿನಲ್ಲಿ ಮಾತ್ರ ಅವರು ಎರಡರಿಂದ ಮೂರು ತಾಸು ಎಂಬ ಗುಂಡಿಯನ್ನು ಒತ್ತಲೇಬೇಕಾಗುತ್ತದೆ. ಜನ ತಾವೇ ಹೇಳಿದ ಬಳಕೆಯನ್ನೂ ಸಾಧನವು ದಾಖಲಿಸಿದ ಬಳಕೆಯನ್ನೂ ಹೋಲಿಸಿದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಇವೆರಡರ ನಡುವಿನ ಸಹಸಂಬಂಧ (ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0) ಸುಮಾರು 0.38 ಇತ್ತು. ಅದರ ವರ್ಗ ತೆಗೆದರೆ ಸುಮಾರು 0.14 ಬರುತ್ತದೆ, ಎಂದರೆ ನಿಜವಾದ ಬಳಕೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಏಳನೆಯ ಒಂದು ಭಾಗದಷ್ಟು ಮಾತ್ರ ಅವರು ಹೇಳಿದ ತಾಸುಗಳಲ್ಲಿ ಕಾಣುತ್ತದೆ. ಜನ ಸುಳ್ಳು ಹೇಳುತ್ತಾರೆಂದು ಇದರ ಅರ್ಥವಲ್ಲ. ಬಸ್ಸಿಗೆ ಕಾಯುವಾಗ ಎರಡು ನಿಮಿಷ, ಊಟದ ಸಾಲಿನಲ್ಲಿ ಐದು ನಿಮಿಷ ಎಂದು ಚೂರುಚೂರಾಗಿ ನೋಡಿದ್ದನ್ನು ಕೂಡಿಸಿ ಹೇಳುವ ಶಕ್ತಿ ನೆನಪಿಗೆ ಇಲ್ಲ.

ಎರಡನೆಯ ತೊಡಕು ದೊಡ್ಡ ಮಾತಿನದು. ಏಮಿ ಆರ್ಬೆನ್ ಮತ್ತು ಆ್ಯಂಡ್ರ್ಯೂ ಶಿಬಿಲ್ಸ್ಕಿ ಅವರು 2019ರಲ್ಲಿ 3,55,358 ಹದಿಹರೆಯದವರ ಸಮೀಕ್ಷೆಗಳ ಮಾಹಿತಿಯನ್ನು ಪರಿಶೀಲಿಸಿದಾಗ, ಅವರ ಮಾನಸಿಕ ನೆಮ್ಮದಿಯಲ್ಲಿನ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದ ಪಾಲು ಹೆಚ್ಚೆಂದರೆ ಶೇ. 0.4 ಎಂದು ಕಂಡುಬಂತು. ಅಷ್ಟು ಸಣ್ಣ ಸಂಬಂಧವನ್ನು ನೂರಿಪ್ಪತ್ತು ಜನರ ಫಾರ್ಮಿನಲ್ಲಿ ಹುಡುಕುವುದು ಕಡಲೆಕಾಯಿ ತೂಗಲು ಲಾರಿಯ ಕಾಟಾಕ್ಕೆ ಹೋದಂತೆ. ಸಂಬಂಧ ಕಂಡರೂ ದಿಕ್ಕು ತಿಳಿಯುವುದಿಲ್ಲ: ರೀಲ್ಸ್ ನೋಡಿದ್ದರಿಂದ ನಿದ್ದೆ ಕೆಟ್ಟಿತೋ, ನಿದ್ದೆ ಬಾರದ್ದರಿಂದ ರೀಲ್ಸ್ ನೋಡಿದರೋ, ಪರೀಕ್ಷೆಯ ಚಿಂತೆಯೇ ಎರಡಕ್ಕೂ ಮೂಲವೋ, ಒಂದೇ ಬಾರಿ ತುಂಬಿಸಿದ ಫಾರ್ಮು ಇದನ್ನು ಎಂದೂ ಹೇಳಲಾರದು.

ಭಾಷೆಯ ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ನಮ್ಮ ಪ್ರಬಂಧಗಳು ಎಡವುವುದು ಹೆಚ್ಚಾಗಿ ಇಲ್ಲಿ. ಇಂಗ್ಲಿಷಿನ ಸಿದ್ಧ ಮಾಪನಿಯನ್ನು, ಎಂದರೆ ಉತ್ತರಗಳಿಗೆ ಅಂಕ ಕೊಟ್ಟು ಮನಸ್ಸನ್ನು ಅಳೆಯುವ ವಾಕ್ಯಗಳ ಪಟ್ಟಿಯನ್ನು, ತಂದು ಕನ್ನಡಕ್ಕೆ ತಿರುಗಿಸುವಾಗ "ಬೇಸರ" ಎಂಬ ಒಂದು ಪದ ಸಾಕು, ಇಡೀ ಅಳತೆ ಕೆಡುತ್ತದೆ. ಹೊತ್ತು ಹೋಗದಿರುವುದೂ ಬೇಸರ, ಮನಸ್ಸಿಗೆ ನೋವಾಗುವುದೂ ಬೇಸರ, ಒಬ್ಬರ ಮೇಲೆ ಮುನಿಸಾಗುವುದೂ ಬೇಸರ. ಬೇಸರವಾದಾಗ ಮೊಬೈಲ್ ನೋಡುತ್ತೇನೆ ಎಂಬ ವಾಕ್ಯಕ್ಕೆ ಹೌದು ಎಂದ ಇಬ್ಬರು ಎರಡು ಬೇರೆ ಸಂಗತಿಗಳನ್ನು ಹೇಳಿರಬಹುದು. ಆದ್ದರಿಂದ ಒಬ್ಬರು ಕನ್ನಡಕ್ಕೆ ತಂದದ್ದನ್ನು, ಮೂಲವನ್ನು ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ಹೋಲಿಸಿ. ನಂತರ ನಾಲ್ಕೈದು ಜನರ ಎದುರು ಕುಳಿತು, ಪ್ರತಿ ವಾಕ್ಯವನ್ನೂ ಓದಿ, ನಿಮಗೆ ಇದರಿಂದ ಏನು ತಿಳಿಯಿತು ಎಂದು ಕೇಳಿ. ಬೆಳಗಾವಿಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮನೆಗಳಿರುವಾಗ ಈ ಕೆಲಸ ಮೂರು ಪಟ್ಟಾಗುತ್ತದೆ. ಮೂಲ ಮಾಪನಿಯ ವಿಶ್ವಾಸಾರ್ಹತೆಯ ಅಂಕಿ ನಿಮ್ಮ ಅನುವಾದಕ್ಕೆ ಸಲ್ಲುವುದಿಲ್ಲ; ಕ್ರಾನ್‌ಬ್ಯಾಕ್ ಆಲ್ಫಾ ಎಂಬ ಆ ಅಂಕಿಯನ್ನು ನಿಮ್ಮ ಮಾಹಿತಿಯ ಮೇಲೆಯೇ ಲೆಕ್ಕ ಹಾಕಬೇಕು.

ಇನ್ನೊಂದು ಮಾತು. ಮಾಧ್ಯಮದ ಪ್ರಭಾವ ತನ್ನ ಮೇಲೆ ಆಗುವುದಕ್ಕಿಂತ ಬೇರೆಯವರ ಮೇಲೆ ಹೆಚ್ಚು ಆಗುತ್ತದೆ ಎಂದು ಜನ ನಂಬುವುದನ್ನು ಫಿಲಿಪ್ಸ್ ಡೇವಿಸನ್ 1983ರಲ್ಲಿಯೇ ತೋರಿಸಿದರು. ಸುಳ್ಳು ಸುದ್ದಿ ಜನರನ್ನು ದಾರಿ ತಪ್ಪಿಸುತ್ತದೆಯೇ ಎಂದು ಕೇಳಿದರೆ ಬಹುತೇಕ ಎಲ್ಲರೂ ಹೌದೆನ್ನಬಹುದು. ಅದು ಸುಳ್ಳು ಸುದ್ದಿಯ ಪ್ರಭಾವದ ಅಳತೆಯಲ್ಲ. ನೆರೆಯವರ ಬಗ್ಗೆ ಉತ್ತರಿಸಿದವರಿಗಿರುವ ಅಭಿಪ್ರಾಯದ ಅಳತೆ.

ಮೊಬೈಲಿನ ದಾಖಲೆ ಮತ್ತು ದಿನಚರಿ

ಹಾಸ್ಟೆಲಿನ ಪ್ರಶ್ನೆಗೆ ನಾನು ಸೂಚಿಸುವ ದಾರಿ ಇದು. ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನಲ್ಲಿ ಸ್ಕ್ರೀನ್ ಟೈಮ್ ಎಂಬ ವ್ಯವಸ್ಥೆ ಇದ್ದು, ಯಾವ ಆ್ಯಪ್ ಎಷ್ಟು ನಿಮಿಷ ತೆರೆದಿತ್ತು ಎಂಬುದನ್ನು ದಿನದಿನಕ್ಕೂ ತೋರಿಸುತ್ತದೆ. ಸ್ಕ್ರೀನ್‌ಶಾಟ್ ಪಡೆದರೆ ನೆನಪಿನ ತಪ್ಪು ಇಲ್ಲವಾಗುತ್ತದೆ. ಆದರೆ ಅದು ಹೇಳುವುದು ಪರದೆ ಎಷ್ಟು ಹೊತ್ತು ಹೊತ್ತಿತ್ತು ಎಂಬುದನ್ನು ಮಾತ್ರ. ಭಜನೆಯ ವಿಡಿಯೊ ಹಚ್ಚಿಟ್ಟು ರೊಟ್ಟಿ ಬಡಿಯುತ್ತಿದ್ದರೂ ಅದು ನೋಡಿದ ಹೊತ್ತೆಂದೇ ದಾಖಲಾಗುತ್ತದೆ. ಹಳ್ಳಿಯಲ್ಲಾದರೆ ಇನ್ನೂ ದೊಡ್ಡ ತೊಡಕು: ಒಂದೇ ಮೊಬೈಲು ತಂದೆ, ತಾಯಿ, ಮಕ್ಕಳ ನಡುವೆ ಕೈ ಬದಲಾಯಿಸುವ ಮನೆಯಲ್ಲಿ ಆ ದಾಖಲೆ ಯಾರದೆಂದು ಹೇಳುವಂತಿಲ್ಲ. ಎಲ್ಲರ ಕೈಯಲ್ಲೂ ಸ್ವಂತ ಮೊಬೈಲಿರುವ ಹಾಸ್ಟೆಲಿನಲ್ಲಿ ಈ ವಿಧಾನ ನಡೆಯುತ್ತದೆ, ಇಂಡಿಯ ಹಳ್ಳಿಯ ಮನೆಯಲ್ಲಿ ನಡೆಯುವುದಿಲ್ಲ.

ನಿಮಿಷಗಳ ಜೊತೆಗೆ ಮನಸ್ಸಿನ ಸ್ಥಿತಿಯೂ ಬೇಕೆಂದರೆ ದಿನಚರಿ ಸೇರಬೇಕು. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಜನರ ಕೈಗೆ ಪೇಜರ್ ಕೊಟ್ಟು, ದಿನದಲ್ಲಿ ಹಲವು ಬಾರಿ ಅದು ಕೂಗಿದಾಗ ತಾವು ಏನು ಮಾಡುತ್ತಿದ್ದೇವೆ, ಹೇಗೆ ಅನ್ನಿಸುತ್ತಿದೆ ಎಂಬುದನ್ನು ಆ ಕ್ಷಣವೇ ಬರೆಯುವಂತೆ ಕೇಳಿದರು. ರಾಬರ್ಟ್ ಕ್ಯೂಬಿ ಅವರೊಡನೆ ಸೇರಿ ಟಿ.ವಿ. ನೋಡುವವರ ಮೇಲೆ ಇದನ್ನು ಬಳಸಿದಾಗ ಕಂಡ ಸಂಗತಿಯನ್ನು ಯಾವ ಪ್ರಶ್ನಾವಳಿಯೂ ಕೊಡುತ್ತಿರಲಿಲ್ಲ: ನೋಡುತ್ತಿರುವಷ್ಟು ಹೊತ್ತು ಜನರಿಗೆ ಹಗುರವೆನಿಸುತ್ತದೆ, ಟಿ.ವಿ. ಆರಿಸಿದೊಡನೆ ಆ ಹಗುರ ಹೋಗುತ್ತದೆ, ಜಡತೆ ಮಾತ್ರ ಉಳಿಯುತ್ತದೆ. ದಿನದ ಕೊನೆಗೆ ಕೇಳಿದರೆ ಈ ಎರಡು ಕ್ಷಣಗಳು ಕಲಸಿ ಒಂದಾಗಿರುತ್ತವೆ.

ಇಂದು ಪೇಜರ್ ಬೇಕಿಲ್ಲ. ಸಣ್ಣ ಫಾರ್ಮೊಂದನ್ನು ದಿನಕ್ಕೆ ಎರಡು ಬಾರಿ, ಏಳು ದಿನ ಕಳಿಸಿದರೆ ಸಾಕು. ಬೆಳಿಗ್ಗೆ ಎದ್ದಾಗ ನಿದ್ದೆಯ ಬಗ್ಗೆ ಮೂರು ಪ್ರಶ್ನೆ, ರಾತ್ರಿ ದೀಪ ಆರಿಸುವ ಮುನ್ನ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ. ಮೂವತ್ತು ವಿದ್ಯಾರ್ಥಿನಿಯರು ಏಳು ದಿನ ಕೊಟ್ಟ ಮಾಹಿತಿ ಎಂದರೆ ಇನ್ನೂರ ಹತ್ತು ರಾತ್ರಿಗಳು. ಹೆಚ್ಚು ನೋಡಿದ ರಾತ್ರಿಯ ಮರುಬೆಳಗನ್ನು, ಅದೇ ಹುಡುಗಿ ಕಡಿಮೆ ನೋಡಿದ ರಾತ್ರಿಯ ಮರುಬೆಳಗಿನ ಜೊತೆಗೆ ಹೋಲಿಸಬಹುದು. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಸ್ವಭಾವದ ಅಂತರ ಆಗ ಅಡ್ಡ ಬರುವುದಿಲ್ಲ. ಇನ್ನೂರು ಜನ ಒಮ್ಮೆ ತುಂಬಿದ ಫಾರ್ಮಿಗಿಂತ ಇದು ಹೆಚ್ಚು ನಂಬಬಹುದಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಷ್ಟಾದರೂ ಕಾರಣ ಪೂರ್ತಿ ಸಿದ್ಧವಾಗುವುದಿಲ್ಲ: ಚಿಂತೆ ಹೆಚ್ಚಾದ ರಾತ್ರಿಯೇ ನೋಡುವುದೂ ಹೆಚ್ಚಾಗಿರಬಹುದು. ಆ ಕಾರಣಕ್ಕೇ ರಾತ್ರಿಯ ಎರಡು ಪ್ರಶ್ನೆಗಳಲ್ಲಿ ಒಂದು ಅಂದಿನ ಚಿಂತೆಯ ಬಗ್ಗೆ ಇರಬೇಕು.

ಇದರ ಬೆಲೆ ತಾಳ್ಮೆ. ನಾಲ್ಕನೆಯ ದಿನಕ್ಕೆ ಕೆಲವರು ಬಿಡುತ್ತಾರೆ, ನೀವೇ ಹೋಗಿ ನೆನಪಿಸಬೇಕಾಗುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಬೇಡದ ಆ್ಯಪುಗಳ ಹೆಸರೂ ಕಾಣುವುದರಿಂದ, ಒಟ್ಟು ಹೊತ್ತನ್ನೂ ನಿಮಗೆ ಬೇಕಾದ ಒಂದು ಆ್ಯಪಿನ ಹೊತ್ತನ್ನೂ ಅವರೇ ಬರೆದುಕೊಡುವಂತೆ ಮಾಡುವುದು ಮರ್ಯಾದೆಯ ದಾರಿ. ಪಿಯುಸಿ ವಿದ್ಯಾರ್ಥಿಗಳನ್ನು ಸೇರಿಸುವುದಾದರೆ ಅವರಲ್ಲಿ ಹೆಚ್ಚಿನವರು 18 ತುಂಬದವರೆಂಬುದನ್ನು ಮರೆಯಬಾರದು. ಅವರ ಒಪ್ಪಿಗೆಯ ಜೊತೆಗೆ ತಂದೆತಾಯಿಯ ಒಪ್ಪಿಗೆಯೂ ಬೇಕು.

ಪ್ರಯೋಗ

ಕಾರಣವನ್ನು ಕೇಳುವ ಪ್ರಶ್ನೆಗೆ ಪ್ರಯೋಗಕ್ಕೆ ಸಮನಾದ ದಾರಿ ಇಲ್ಲ. ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ 72 ಮಕ್ಕಳ ಮೇಲೆ ನಡೆಸಿ 1961ರಲ್ಲಿ ಪ್ರಕಟಿಸಿದ ಬೋಬೋ ಗೊಂಬೆಯ ಪ್ರಯೋಗ ಎಲ್ಲ ಪಠ್ಯಗಳಲ್ಲೂ ಇದೆ. 1963ರಲ್ಲಿ ಅವರು ಅದೇ ವರ್ತನೆಯನ್ನು ಫಿಲ್ಮಿನಲ್ಲಿ ತೋರಿಸಿಯೂ ನೋಡಿದರು. ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆ ಹೊಡೆದರು. ಯಾವ ಮಗು ಏನನ್ನು ನೋಡಬೇಕೆಂಬುದನ್ನು ಸಂಶೋಧಕರೇ ನಿರ್ಧರಿಸಿದ್ದರಿಂದ ಕಾರಣ ಯಾವುದು ಎಂಬ ಅನುಮಾನ ಉಳಿಯಲಿಲ್ಲ. ಆದರೆ ಹೊಡೆದರೂ ಮತ್ತೆ ಎದ್ದು ನಿಲ್ಲುವ ಗೊಂಬೆಯನ್ನು ಒಂದು ಕೋಣೆಯಲ್ಲಿ ಕೆಲವು ನಿಮಿಷ ಹೊಡೆಯುವುದಕ್ಕೂ, ಮನೆಯಲ್ಲಿ ತಮ್ಮನನ್ನು ಹೊಡೆಯುವುದಕ್ಕೂ ಇರುವ ಅಂತರವನ್ನು ಆ ಪ್ರಯೋಗ ದಾಟಲಿಲ್ಲ. ಪ್ರಯೋಗದ ಬಲವೂ ದೌರ್ಬಲ್ಯವೂ ಇದೇ: ಕಾರಣ ಸ್ಪಷ್ಟ, ಬದುಕು ದೂರ.

ಕಬ್ಬಿನ ದರದ ಪ್ರಶ್ನೆಗೆ ಇದು ಹೊಂದುತ್ತದೆ. ಒಂದೇ ಸುದ್ದಿಯನ್ನು ಎರಡು ರೂಪದಲ್ಲಿ ಸಿದ್ಧಪಡಿಸಿ: ಒಂದರಲ್ಲಿ ಹಲವು ಬಾರಿ ಫಾರ್ವರ್ಡ್ ಆದದ್ದೆಂಬ ಗುರುತು ಇರಲಿ, ಇನ್ನೊಂದರಲ್ಲಿ ಇಲ್ಲದಿರಲಿ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಎಷ್ಟು ನಂಬುತ್ತೀರಿ, ಬೇರೆಯವರಿಗೆ ಕಳಿಸುತ್ತೀರಾ ಎಂದು ಕೇಳಿ. ಇಲ್ಲಿ ನನ್ನ ಒಂದು ಒತ್ತಾಯವಿದೆ: ಕೃತಕ ಸುದ್ದಿಯನ್ನು ಯಾವ ಕಾರಣಕ್ಕೂ ಅವರ ಮೊಬೈಲಿಗೆ ಕಳಿಸಬೇಡಿ, ಕಾಗದದ ಮೇಲೆ ಮುದ್ರಿಸಿ ತೋರಿಸಿ, ಕೆಲಸ ಮುಗಿದೊಡನೆ ಅದು ನಿಜವಲ್ಲವೆಂದು ತಿಳಿಸಿ, ಕಾಗದವನ್ನು ಮರಳಿ ಪಡೆಯಿರಿ. ವರ್ಷದ ಲೆಕ್ಕವನ್ನೆಲ್ಲ ದರದ ಮೇಲೆ ಕಟ್ಟಿಕೊಂಡ ರೈತನಿಗೆ ಒಂದು ಸುಳ್ಳು ಅಂಕಿ ಮಾಡುವ ಹಾನಿ ಸಣ್ಣದಲ್ಲ. ಫೇಸ್‌ಬುಕ್ 2012ರ ಜನವರಿಯಲ್ಲಿ ಒಂದು ವಾರ 6,89,003 ಬಳಕೆದಾರರಿಗೆ ಕಾಣುವ ಪೋಸ್ಟುಗಳ ಭಾವವನ್ನು ಅವರಿಗೆ ತಿಳಿಸದೆಯೇ ಬದಲಿಸಿ ನೋಡಿದ ಪ್ರಯೋಗ 2014ರಲ್ಲಿ ಹೊರಬಂದಾಗ, ಅದರಲ್ಲಿ ಕಂಡ ಪರಿಣಾಮ ತೀರ ಸಣ್ಣದಾಗಿದ್ದರೂ, ಒಪ್ಪಿಗೆ ಪಡೆಯದ ವಿಷಯ ಜಗತ್ತಿನಾದ್ಯಂತ ಚರ್ಚೆಯಾಯಿತು.

ಪರಿಚಯದವರನ್ನೇ ಪ್ರಯೋಗಕ್ಕೆ ಕೂರಿಸುವುದೂ ಅಪಾಯ. ಭಾಗವಹಿಸುವವರು ಸಂಶೋಧಕರ ಉದ್ದೇಶವನ್ನು ಊಹಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆಂದು ಮಾರ್ಟಿನ್ ಆರ್ನ್ 1962ರಲ್ಲಿ ಎಚ್ಚರಿಸಿದ್ದರು. ನಮ್ಮ ಕಡೆ, ಊರಿನ ಹುಡುಗ ಓದಲೆಂದು ಮಾಡುತ್ತಿದ್ದಾನೆ, ಅವನಿಗೆ ಅನುಕೂಲವಾಗಲಿ ಎಂಬ ಪ್ರೀತಿ ಇದಕ್ಕೆ ಸೇರಿಕೊಳ್ಳುತ್ತದೆ.

ಬದುಕಿನೊಳಗೇ ನಡೆಸುವ ಪ್ರಯೋಗಗಳೂ ಇವೆ. 2018ರಲ್ಲಿ ಅಮೆರಿಕದಲ್ಲಿ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ನಿಲ್ಲಿಸುವಂತೆ ಕೇಳಿದ ಅಧ್ಯಯನದಲ್ಲಿ, ನಿಲ್ಲಿಸಿದವರ ನೆಮ್ಮದಿ ಸ್ವಲ್ಪ ಹೆಚ್ಚಿತು, ಸುದ್ದಿಗಳ ತಿಳಿವಳಿಕೆ ಕಡಿಮೆಯಾಯಿತು. ಒಂದು ವಾರದ ಸಣ್ಣ ರೂಪವನ್ನು ಹಾಸ್ಟೆಲಿನಲ್ಲಿ ಮಾಡಬಹುದು; ಆದರೆ ಯಾರು ಬಿಡಬೇಕೆಂಬುದನ್ನು ಚೀಟಿಯೇ ಹೇಳಬೇಕು, ಬಿಡಲು ತಾವಾಗಿ ಮುಂದೆ ಬಂದವರನ್ನು ಬಿಡದವರ ಜೊತೆ ಹೋಲಿಸಿದರೆ ಅದು ಪ್ರಯೋಗವಾಗುವುದಿಲ್ಲ.

ಜೊತೆಗಿದ್ದು ನೋಡುವುದು

ಈ ವಿಧಾನಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಹಿರಿಯ ಪರಂಪರೆ ಇದೆ, ನಮ್ಮ ವಿದ್ಯಾರ್ಥಿಗಳಿಗೆ ಅದು ತಿಳಿದಿಲ್ಲವೆಂಬುದು ನನಗೆ ನಿಜವಾದ ನೋವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿ ಇಸ್ರೋ ನಡೆಸಿದ ಸೈಟ್ (ಉಪಗ್ರಹದ ಮೂಲಕ ಟಿ.ವಿ. ಶಿಕ್ಷಣದ ಪ್ರಯೋಗ) ಯೋಜನೆಯಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಿಂದ ಆರಿಸಿದ್ದು ರಾಯಚೂರು, ಗುಲಬರ್ಗಾ ಮತ್ತು ಅಂದಿನ ಬಿಜಾಪುರ ಜಿಲ್ಲೆಗಳನ್ನು; ಇಂದಿನ ಬಾಗಲಕೋಟೆ ಆಗ ಬಿಜಾಪುರ ಜಿಲ್ಲೆಯ ಭಾಗವೇ ಆಗಿತ್ತು. ಊರಿಗೊಂದು ಟಿ.ವಿ., ಅದರ ಮುಂದೆ ಇಡೀ ಊರು. ಆ ಯೋಜನೆಯ ಪರಿಣಾಮವನ್ನು ತಿಳಿಯಲು ದೊಡ್ಡ ಸಮೀಕ್ಷೆಗಳನ್ನು ನಡೆಸಿದ್ದಷ್ಟೇ ಅಲ್ಲ, ಮಾನವಶಾಸ್ತ್ರ ಬಲ್ಲ ಸಂಶೋಧಕರನ್ನು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಇರಿಸಲಾಯಿತು. ಎಷ್ಟು ಜನ ನೋಡಿದರು ಎಂಬುದನ್ನು ಸಮೀಕ್ಷೆ ಹೇಳಬಲ್ಲದು. ಯಾರು ಮುಂದೆ ಕುಳಿತರು, ಯಾರು ದೂರ ನಿಂತರು, ನೋಡಿ ಬಂದ ಮೇಲೆ ಕಟ್ಟೆಯ ಮೇಲೆ ಏನು ಮಾತಾಡಿದರು ಎಂಬುದಕ್ಕೆ ಅಲ್ಲೇ ಇರಬೇಕು.

ಧಾರಾವಾಹಿಯ ಪ್ರಶ್ನೆಗೆ ಇದೇ ದಾರಿ. ಪರದೆಯ ಮೇಲಿನ ವ್ಯಕ್ತಿಯ ಜೊತೆ ನೋಡುಗರು ಬೆಳೆಸಿಕೊಳ್ಳುವ ಒಮ್ಮುಖದ ಆಪ್ತತೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ ವಿವರಿಸಿದರು. ಇಂದು ಅದಕ್ಕೆ ಸಿದ್ಧ ಮಾಪನಿಗಳಿವೆ. ಆದರೆ "ಅಕಿ ನಮ್ಮ ಮನಿ ಮಗಳಿದ್ದಂಗ ಆಗ್ಯಾಳ್ರೀ" ಎಂಬಂಥ ಮಾತನ್ನು ಐದು ಅಂಕಗಳ ಮಾಪನಿಯಲ್ಲಿ ನಾಲ್ಕು ಎಂದು ಬರೆದುಕೊಂಡರೆ ಅದರಲ್ಲಿದ್ದ ಮಗಳೂ ಮನೆಯೂ ಹೋಗಿಬಿಡುತ್ತವೆ. ಇಲ್ಲಿ ಮೊದಲ ಉತ್ತರ "ಏನಿಲ್ರೀ, ಸುಮ್ನ ನೋಡ್ತೀವಿ" ಎಂದೇ ಇರುತ್ತದೆ. ಅದನ್ನೇ ಕಾಲಹರಣ ಎಂದು ಬರೆದುಕೊಂಡು ಎದ್ದು ಬರಬಾರದು. ಎರಡನೆಯ ಸಂಜೆ, ಮೂರನೆಯ ಸಂಜೆ ಅವರ ಜೊತೆಗೇ ಕುಳಿತು ನೋಡಿದಾಗ, ಅತ್ತೆ ಇದ್ದಾಗ ಸುಮ್ಮನಿರುವ ಸೊಸೆ ಅತ್ತೆ ಎದ್ದು ಹೋದ ಮೇಲೆ ಪಾತ್ರದ ಬಗ್ಗೆ ಹೇಳುವ ಒಂದು ಮಾತು ನಿಮ್ಮ ಪ್ರಬಂಧದ ನಡುಗಂಬವಾಗಬಹುದು. ಅವರ ಮಾತನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಗ್ರಾಂಥಿಕಕ್ಕೆ ತಿರುಗಿಸುವ ಕೆಲಸ ವಿಶ್ಲೇಷಣೆಯ ನಂತರ ಇರಲಿ.

ಹತ್ತು ಹನ್ನೆರಡು ಮನೆಗಳಿಗಿಂತ ಹೆಚ್ಚು ಸಾಧ್ಯವಿಲ್ಲ, ಅಷ್ಟರಿಂದ ಜಿಲ್ಲೆಯ ಹೆಣ್ಣುಮಕ್ಕಳೆಲ್ಲ ಹೀಗೆ ಎನ್ನುವಂತಿಲ್ಲ. ಒಂದು ತಾಸಿನ ಧ್ವನಿಮುದ್ರಣವನ್ನು ಬರೆದು ಇಳಿಸಲು ಐದಾರು ತಾಸು ಹಿಡಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಾಧ್ಯಮದ ವಸ್ತುವನ್ನೇ ಎಣಿಸಿ ನೋಡುವ ವಿಧಾನವೂ ಒಂದಿದೆ. ಧಾರಾವಾಹಿಯ ಇಪ್ಪತ್ತು ಕಂತುಗಳಲ್ಲಿ ಎಷ್ಟು ಜಗಳ ಎಂದು ಎಣಿಸಬಹುದು, ಆದರೆ ಅದು ಧಾರಾವಾಹಿಯ ಬಗ್ಗೆ ಹೇಳುತ್ತದೆಯೇ ಹೊರತು ನೋಡುವವರ ಮನಸ್ಸಿನ ಬಗ್ಗೆ ಅಲ್ಲ. ಜಾರ್ಜ್ ಗರ್ಬ್ನರ್ ಟಿ.ವಿ.ಯ ಹಿಂಸೆಯನ್ನು ಎಣಿಸಿದ ಜೊತೆಗೇ ನೋಡುಗರನ್ನೂ ಪ್ರತ್ಯೇಕವಾಗಿ ಕೇಳಿದರು. ಎಣಿಕೆಯೊಂದನ್ನೇ ಹಿಡಿದು ಪರಿಣಾಮದ ಮಾತಾಡಿದವರನ್ನು ವೈವಾದ ಮೊದಲ ಪ್ರಶ್ನೆಯೇ ನಿಲ್ಲಿಸುತ್ತದೆ.

ಕಾಲ ಎರಡು ಮೂರು ತಿಂಗಳಷ್ಟೇ ಇರುವಾಗ ಎರಡು ವಿಧಾನಗಳನ್ನು ಜೋಡಿಸಬಹುದೆ ಎಂದು ಕೇಳುವವರಿದ್ದಾರೆ. ಒಂದು ದೊಡ್ಡದು, ಒಂದು ಸಣ್ಣದು ಆದರೆ ಆಗುತ್ತದೆ. ಹಾಸ್ಟೆಲಿನ ದಿನಚರಿ ಮುಗಿದ ಮೇಲೆ ನಾಲ್ವರ ಜೊತೆ ಮಾತಿಗೆ ಕೂರಬಹುದು. ಕಬ್ಬಿನ ಸುದ್ದಿಗಾದರೆ ಕ್ರಮ ತಿರುಗಬೇಕು: ಮೊದಲು ಐದಾರು ರೈತರ ಜೊತೆ ಕುಳಿತು ಅವರ ಮೊಬೈಲಿಗೆ ನಿಜವಾಗಿ ಬರುವ ಸುದ್ದಿಗಳು ಹೇಗಿರುತ್ತವೆ, ಯಾರ ಹೆಸರಿದ್ದರೆ ನಂಬುತ್ತಾರೆ ಎಂಬುದನ್ನು ಕೇಳಿಕೊಂಡು, ಆ ಮೇಲೆ ಪ್ರಯೋಗದ ಕಾಗದ ಸಿದ್ಧಪಡಿಸಬೇಕು. ಆ ಮಾತುಕತೆಯನ್ನು ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವ ಮುನ್ನ, ಅಕ್ಟೋಬರಿನೊಳಗೆ ಮುಗಿಸಿಕೊಳ್ಳಿ. ಹಂಗಾಮು ಹತ್ತಿದ ಮೇಲೆ ಕಟಾವಿನ ಗ್ಯಾಂಗು, ಟ್ರ್ಯಾಕ್ಟರು, ತೂಕದ ಚೀಟಿ ಇವುಗಳ ನಡುವೆ ನಿಮ್ಮ ಜೊತೆ ಅರ್ಧ ತಾಸು ಕೂರಲು ಅವರಿಗೆ ಪುರುಸೊತ್ತಿರುವುದಿಲ್ಲ.